ಮುಳಗುಂದ ಪಟ್ಟಿಯ ಹತ್ತನೇ ಕಾಲಂ

ಬಟ್ಟೆ ಕೋಣೆ, ನವಿಲಗಡ್ಡಿ ಆಸ್ಪತ್ರೆ
ಇಸವಿ ಎರಡು ಸಾವಿರದ ನೂರ ಎಪ್ಪತ್ತೈದು, ಎರಡನೇ ಬೇಸಿಗೆಯ ಹದಿನೇಳನೇ ದಿನ, ಶುಕ್ರವಾರ

ಮಗಳೇ ರೋಹಿಣಿ,

ದಿನಾಂಕ ನೋಡಿ ಯಾರದೋ ಕುಚೇಷ್ಟೆ ಎಂದು ಈ ಕಾಗದವನ್ನು ಬುಟ್ಟಿಗೆ ಹಾಕಬೇಡ. ನಾನು ನೀಲವ್ವ, ನಿನ್ನ ಮಗಳ ಮರಿಮಗಳು. ಈಗ ನಿನ್ನ ಮಗಳಿಗೆ ನಾಲ್ಕು ವರ್ಷ, ಎಡಗಿವಿಯ ಹಿಂದೆ ಹುಣಸೆ ಬೀಜದಷ್ಟು ಕಪ್ಪು ಮಚ್ಚೆ. ಅದೇ ಮಚ್ಚೆ ನನಗೂ ಇದೆ, ನನ್ನ ಮೊಮ್ಮಗಳಿಗೂ ಇದೆ. ವಂಶದ ಸಾಲಿನಲ್ಲಿ ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಕಾಗದ ನಿನ್ನ ಕೈ ಸೇರುವಾಗ ನಿನಗೆ ಮೂವತ್ತನಾಲ್ಕು, ನನಗೆ ಎಪ್ಪತ್ತಾರು. ಆದ್ದರಿಂದ ಮಗಳೇ ಎಂದು ಕರೆಯುವ ಹಕ್ಕು ನನ್ನದು, ಬೈಯುವ ಹಕ್ಕೂ ನನ್ನದು. ಬೈಯಲಿಕ್ಕೆಂದೇ ಬರೆಯುತ್ತಿದ್ದೇನೆ.

ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಮ್ಮ ಕಾಲದಲ್ಲಿ ಗೋಡೆಗಳೇ ಎಲ್ಲವನ್ನೂ ಓದಿ ಹೇಳುತ್ತವೆ, ಹಾಗಾಗಿ ಅಕ್ಷರ ಕಲಿಯುವುದು ಹಟಮಾರಿಗಳ ಕೆಲಸ. ನಾನು ಕಲಿತದ್ದು ರದ್ದಿಯಿಂದ. ಕುದಿಸಿ ಒಣಗಿಸಿದ ಬಟ್ಟೆಯನ್ನು ಹೆರಿಗೆ ಕೋಣೆಗೆ ಕಳಿಸುವ ಮೊದಲು ಹಳೆಯ ಕಾಗದದಲ್ಲಿ ಸುತ್ತಿ ಇನ್ನೊಮ್ಮೆ ಹಬೆಗೆ ಇಡುತ್ತೇವೆ. ಆ ಕಾಗದ ಬರುವುದು ನಿಮ್ಮ ಕಾಲದ ಕಚೇರಿಗಳ ಉಗ್ರಾಣಗಳಿಂದ. ನಲವತ್ತು ವರ್ಷ ಸುತ್ತುತ್ತಾ ಸುತ್ತುತ್ತಾ ಓದಿದೆ. ನಡುವೆ ‘ಸದರಿ’, ‘ಮೇಲ್ಕಂಡ’ ಎಂದು ಬಂದರೆ ನಗಬೇಡ, ನನ್ನ ಗುರುಗಳೆಲ್ಲ ವರದಿಗಳು.

ಕಾಗದ ಹೇಗೆ ಹಿಂದಕ್ಕೆ ಬಂತು ಎಂದು ಕೇಳುತ್ತೀ. ನಮ್ಮಲ್ಲಿ ಹಿಂದಂಚೆ ಎಂಬುದಿದೆ. ಎಪ್ಪತ್ತೈದು ದಾಟಿದವರು ತಮ್ಮ ವಂಶದ ಹಿಂದಿನವರಿಗೆ ಒಂದೇ ಒಂದು ಕಾಗದ ಬರೆಯಬಹುದು. ಅದರಿಂದ ಏನಾದರೂ ಬದಲಾಗುತ್ತದೆಯೇ ಎಂದು ಅಂಚೆಯವರಿಗೂ ತಿಳಿಯದು, ಏಕೆಂದರೆ ಬದಲಾದರೆ ಹಳೆಯದು ಯಾರಿಗೂ ನೆನಪಿರುವುದಿಲ್ಲವಂತೆ. ಪಕ್ಕದ ಮನೆಯ ಬಸಲಿಂಗಪ್ಪ ತನ್ನ ಮುತ್ತಜ್ಜನಿಗೆ ಬೋಳು ತಲೆಯ ವಂಶದಿಂದ ಹೆಣ್ಣು ತರಬೇಡ ಎಂದು ಬರೆದು ತನ್ನ ಪಾಲಿನ ಕಾಗದ ಮುಗಿಸಿಕೊಂಡ. ಅವನ ತಲೆಯಂತೂ ಹಾಗೇ ಇದೆ. ನಾನು ನನ್ನ ಕಾಗದವನ್ನು ನಿನಗೆ ಖರ್ಚು ಮಾಡುತ್ತಿದ್ದೇನೆ. ಬುಧವಾರ ತಲುಪಿಸಿ ಎಂದು ಹೇಳಿದ್ದೇನೆ, ಏಕೆಂದರೆ ಶುಕ್ರವಾರ ನೀನು ನಿನ್ನ ವರದಿಗೆ ಸಹಿ ಹಾಕುತ್ತೀ.

ಯಾವ ವರದಿ ಎಂದು ನಿನಗೆ ಗೊತ್ತು. ‘ಅಭಿವೃದ್ಧಿಶೀಲ ದೇಶಗಳ ಆಸ್ಪತ್ರೆ ವೈದ್ಯರ ಮುಂದುವರಿದ ತರಬೇತಿ: ಫಲವನ್ನು ಅಳೆಯುವ ಬಗೆ.’ ನೂರ ನಲವತ್ತೊಂಬತ್ತು ವರ್ಷ ಕಳೆದರೂ ನಮ್ಮನ್ನು ಇನ್ನೂ ಅಭಿವೃದ್ಧಿಶೀಲ ಎಂದೇ ಕರೆಯುತ್ತಾರೆ. ಆ ವರದಿಯ ಕೊನೆಯಲ್ಲಿ ನೀನೊಂದು ಕೋಷ್ಟಕ ಹಾಕಿದ್ದೀಯಲ್ಲ, ಒಂಬತ್ತು ಕಾಲಮಿನದು, ಅದೇ ಮುಂದೆ ಮುಳಗುಂದ ಪಟ್ಟಿ ಎಂದು ಹೆಸರಾಯಿತು. ನಿನ್ನ ಅಡ್ಡಹೆಸರೇ. ಅರವತ್ತು ದೇಶಗಳಲ್ಲಿ ವೈದ್ಯರ ತರಬೇತಿಯನ್ನು ಇವತ್ತಿಗೂ ಅಳೆಯುವುದು ಆ ಪಟ್ಟಿಯಿಂದ. ತರಬೇತಿ ನಡೆಯುವ ಪ್ರತಿ ತಂಪು ಸಭಾಂಗಣದಲ್ಲಿ ನಿನ್ನ ಫೋಟೋ ಇದೆ, ಹಾರ ಹಾಕಿದ್ದಾರೆ. ನಮ್ಮ ಮನೆಯಲ್ಲೂ ಒಂದಿತ್ತು. ಮೊನ್ನೆ ಅದನ್ನು ನಾನೇ ಗೋಡೆಯಿಂದ ಇಳಿಸಿ ಮುಖ ಕೆಳಗೆ ಮಾಡಿ ಇಟ್ಟೆ.

ನಿನ್ನ ಪಟ್ಟಿ ಏನು ಮಾಡಿತು ಎಂದು ಹೇಳುತ್ತೇನೆ, ಕೂತು ಓದು.

ನಮ್ಮ ಆಸ್ಪತ್ರೆ ಮಲಪ್ರಭೆಯ ದಂಡೆಯಲ್ಲಿದೆ. ವರ್ಷಕ್ಕೆ ಎರಡು ಬೇಸಿಗೆ ನಮಗೆ. ಎರಡರಲ್ಲೂ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಿಸಿಲು ರಜೆ. ಯಾರೂ ರಸ್ತೆಗೆ ಇಳಿಯುವುದಿಲ್ಲ, ಹೆರಿಗೆ ನೋವು ಬಂದವರನ್ನು ಬಿಟ್ಟು. ಬಟ್ಟೆಯನ್ನು ಮಾಳಿಗೆಯ ಮೇಲೆ ಬಿಸಿಲಿನ ಹಂಡೆಯಲ್ಲಿ ಕುದಿಸುತ್ತೇವೆ. ನೀರು ಅಳತೆಯ ಮೇಲೆ ಸಿಗುವುದರಿಂದ ಎಷ್ಟು ಬಟ್ಟೆ ನೆನೆಯಿತು, ಯಾರ ಮೇಜಿನದು ಎಂದು ಬರೆದಿಡಬೇಕು. ಅದಕ್ಕಾಗಿ ಒಬ್ಬೊಬ್ಬ ವೈದ್ಯರ ಮೇಜಿನ ಬಟ್ಟೆಗೂ ಅಂಚಿನಲ್ಲಿ ಒಂದೊಂದು ಬಣ್ಣದ ದಾರ ಹೊಲಿಯುತ್ತೇವೆ. ಇಲ್ಲಿ ಇಬ್ಬರು ವೈದ್ಯರು. ನಿಮ್ಮಲ್ಲೂ ಹಲವು ಕಡೆ ಇಬ್ಬರೇ ಇರುತ್ತಿದ್ದರು ಎಂದು ಓದಿದ್ದೇನೆ. ತರಬೇತಿಗೆ ಕರೆ ಬಂದಾಗ ನಿಮ್ಮಲ್ಲಿ ಯಾರನ್ನು ಕಳಿಸುತ್ತಿದ್ದರು? ಯಾರು ಹೋದರೆ ಆಸ್ಪತ್ರೆ ನಿಲ್ಲುವುದಿಲ್ಲವೋ ಅವರನ್ನು. ಹೆರಿಗೆ ಮಾಡಿಸುವ ಕೈಯನ್ನು ಮೂರು ದಿನ ಬಿಟ್ಟುಕೊಡಲು ಯಾವ ಮೇಲಧಿಕಾರಿಗೂ ಧೈರ್ಯವಿಲ್ಲ. ಹೀಗೆ ಪ್ರತಿ ಸಲ ಅದೇ ಒಬ್ಬರು ಹೋದರು. ನಿನ್ನ ಪಟ್ಟಿ ಹೋದವರನ್ನು ಎಣಿಸಿತೇ ಹೊರತು ಉಳಿದವರು ಯಾರು ಎಂದು ಕೇಳಲಿಲ್ಲ. ಮೂವತ್ತು ನಲವತ್ತು ವರ್ಷದಲ್ಲಿ ಅದೇ ಹುದ್ದೆಯಾಯಿತು. ಈಗ ಪ್ರತಿ ಆಸ್ಪತ್ರೆಯಲ್ಲೂ ಒಬ್ಬರು ಹೋಗುವ ವೈದ್ಯರು, ಒಬ್ಬರು ಇರುವ ವೈದ್ಯರು. ಆದೇಶದಲ್ಲಿಯೇ ಹಾಗೆ ಬರೆದಿರುತ್ತದೆ. ಹೋಗುವವರು ಕಲಿಯುತ್ತಾರೆ, ಇರುವವರು ಮಾಡುತ್ತಾರೆ.

ನಮ್ಮ ಹೋಗುವ ವೈದ್ಯರು ಶಂಭುಲಿಂಗ ಹಡಗಲಿ. ಕೆಟ್ಟ ಮನುಷ್ಯನಲ್ಲ. ಹನ್ನೆರಡು ವರ್ಷದಲ್ಲಿ ನೂರ ಹದಿನಾಲ್ಕು ಪ್ರಮಾಣಪತ್ರ ತಂದಿದ್ದಾರೆ. ನಮ್ಮ ಇರುವ ವೈದ್ಯೆ ನನ್ನ ಮೊಮ್ಮಗಳು, ದ್ಯಾಮವ್ವ. ಹಳೆಯ ಹೆಸರುಗಳು ಈಗ ಮತ್ತೆ ಫ್ಯಾಷನ್. ಮೂವತ್ತೊಂದು ವರ್ಷ, ಇಲ್ಲಿ ಆರು ವರ್ಷದಿಂದ ಕೆಲಸ. ಕಾಲೇಜು ಬಿಟ್ಟ ಮೇಲೆ ಒಂದು ದಿನದ ತರಬೇತಿಯನ್ನೂ ಕಂಡವಳಲ್ಲ.

ತಂಪು ಸಭಾಂಗಣದಲ್ಲಿ ಏನು ನಡೆಯುತ್ತದೆ ಎಂದು ಶಂಭುಲಿಂಗ ಡಾಕ್ಟರೇ ನಮ್ಮ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಹೇಳುತ್ತಾರೆ. ಮೊದಲ ದಿನ ಒಂದು ಪರೀಕ್ಷೆ, ಮೂರನೇ ದಿನ ಅದೇ ಪ್ರಶ್ನೆಗಳ ಇನ್ನೊಂದು ಪರೀಕ್ಷೆ. ಎರಡರ ನಡುವಿನ ಅಂತರವೇ ಕಲಿಕೆ, ನಿನ್ನ ಐದನೇ ಕಾಲಂ. ಅಂತರ ದೊಡ್ಡದಾಗಬೇಕಾದರೆ ಮೊದಲ ದಿನ ದಡ್ಡರಾಗಬೇಕು. ಇದು ಈಗ ಒಂದು ವಿದ್ಯೆ. ಶಂಭುಲಿಂಗ ಡಾಕ್ಟರು ಮೊದಲ ಪರೀಕ್ಷೆಯಲ್ಲಿ ಹೃದಯ ಬಲಗಡೆ ಇದೆ ಎಂದು ಬರೆಯುತ್ತಾರೆ. ಬೇರೆ ಊರಿನ ಹೊಸ ಹುಡುಗನೊಬ್ಬ ಗೊತ್ತಿಲ್ಲದೆ ಮೊದಲ ದಿನವೇ ಎಲ್ಲವನ್ನೂ ಸರಿ ಬರೆದುಬಿಟ್ಟನಂತೆ.

“ಎಲ್ಲಾರೂ ಅವನ ಮ್ಯಾಲೆ ಬಿದ್ರು ನೋಡವ್ವ. ‘ಏ ತಮ್ಮಾ, ಇವತ್ತ ಶಾಣ್ಯಾ ಆದ್ರ ನಾಡಿದ್ದ ಏನಾಗಾಂವ ನೀ? ಜಿಲ್ಲಾದ ಅಂಕಿ ಕೆಡಸ್ತಿ’ ಅಂತ. ಪಾಪ, ಅಳ್ಕೋತ ರಬ್ಬರ್ ಕೇಳಿದಾ.”

“ಊಟ ಹೆಂಗಿತ್ರಿ ಡಾಕ್ಟರ?” ಎಂದು ನಾನು ಕುಟುಕಿದೆ.

“ಊಟದ್ದ ಕೇಳಬ್ಯಾಡ. ಹೋಳಿಗಿ ಎರಡು ಥರ. ನಗುಪಟ್ಟಿಯೊಳಗ ಐದಕ್ಕೈದು ಹಾಕಿ ಬಂದೆ.”

ನಗುಪಟ್ಟಿ ಎಂದರೆ ಐದು ಮುಖಗಳ ಹಾಳೆ, ಅಳುಮುಖದಿಂದ ನಗುಮುಖದವರೆಗೆ. ತರಬೇತಿ ಹೇಗಿತ್ತು ಎಂದು ಒಂದು ಮುಖಕ್ಕೆ ಗೀಟು ಹಾಕಬೇಕು. ಅದೂ ನಿನ್ನದೇ, ಏಳನೇ ಕಾಲಂ.

ಎರಡು ವರ್ಷದ ಹಿಂದೆ ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸುವ ತರಬೇತಿ ನಡೆಯಿತು. ಬಿಗಿಚೀಲ ಎಂಬ ಹೊಸ ಸಾಧನ. ಗರ್ಭಚೀಲದೊಳಗೆ ಇಟ್ಟು ನೀರು ತುಂಬಿದರೆ ಒಳಗಿನಿಂದ ಒತ್ತಿ ರಕ್ತ ಕಟ್ಟುತ್ತದೆ. ಶಂಭುಲಿಂಗ ಡಾಕ್ಟರು ಹೋದರು, ಪ್ರಮಾಣಪತ್ರ ತಂದರು, ಐದು ಚೀಲಗಳಿದ್ದ ಪೆಟ್ಟಿಗೆಯನ್ನೂ ತಂದರು. ಸದರಿ ಪೆಟ್ಟಿಗೆ ತರಬೇತಿ ಪಡೆದವರ ಹೆಸರಿನಲ್ಲಿ ಬಂದದ್ದು, ಬೇರೆ ಕೈ ಮುಟ್ಟುವಂತಿಲ್ಲ. ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು, ಮುಂದಿನ ವಾರ ಕಣ್ಣಿನ ತರಬೇತಿಗೆ ಹೋದರು. ಅವರು ಕಣ್ಣಿನ ತರಬೇತಿಯಲ್ಲಿದ್ದಾಗ ಕರೆವ್ವ ಎಂಬ ಹೆಣ್ಣುಮಗಳು ಹಗಲು ಹನ್ನೊಂದಕ್ಕೆ ಹೆತ್ತಳು. ರಕ್ತ ನಿಲ್ಲಲಿಲ್ಲ. ದ್ಯಾಮಿ ಎರಡೂ ಕೈಯಿಂದ ಅವಳ ಹೊಟ್ಟೆ ಒತ್ತಿಹಿಡಿದು ಬೀರುವಿನ ಕಡೆ ನೋಡಿದಳು. ನಿಯಮ ಮುರಿಯಲಿಲ್ಲ. ಕರೆವ್ವ ಎರಡು ಗಂಟೆಗೆ ಹೋದಳು. ಕೆಂಪು ದಾರದ ಇಪ್ಪತ್ತಾರು ಬಟ್ಟೆ ಬಂದವು ನನ್ನ ಕೋಣೆಗೆ. ಕೆಂಪು ದಾರ ದ್ಯಾಮಿಯದು. ಅವನ್ನು ನಾನೇ ಒಗೆದೆ.

ಆ ತ್ರೈಮಾಸಿಕದ ಮುಳಗುಂದ ಪಟ್ಟಿಯಲ್ಲಿ ನವಿಲಗಡ್ಡಿಗೆ ಜಿಲ್ಲೆಯಲ್ಲೇ ಮೊದಲ ಸ್ಥಾನ ಬಂತು, ರೋಹಿಣಿ. ಶೇಕಡ ನೂರು ತರಬೇತಿ, ಐದಕ್ಕೈದು ನಗು. ಕರೆವ್ವನ ಹೆಸರು ಬರೆಯಲು ನಿನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ನಾಲ್ಕನೇ ದಿನ, ಮರಳಿ ಬಂದ ಶಂಭುಲಿಂಗ ಡಾಕ್ಟರನ್ನು ದ್ಯಾಮಿ ಹಿಡಿದು ಕೂರಿಸಿ, ಬಿಗಿಚೀಲ ಇಡುವುದನ್ನು ನನಗೆ ತೋರಿಸಿಕೊಡಿ ಎಂದಳು. ಅವರ ಮುಖ ಸಣ್ಣದಾಯಿತು. “ನಾ ಹಿಂದಿನ ಸಾಲಿನ್ಯಾಗ ಕುಂತಿದ್ದೆ ತಂಗಿ. ಕಾಣಲಿಲ್ಲ. ನನ್ನ ಕೈಲೆ ಯಾರೂ ಮಾಡಿಸಲೂ ಇಲ್ಲ,” ಎಂದರು. ಆದರೆ ಅಲ್ಲಿ ಕೊಟ್ಟ ಚಿತ್ರದ ಹಾಳೆಯನ್ನು ಕದ್ದುಮುಚ್ಚಿ ಅವಳ ಕೈಗೆ ಕೊಟ್ಟರು. ಅಷ್ಟು ಒಳ್ಳೆಯತನ ಅವರಲ್ಲಿದೆ. ನಾನು ಹಳೆಯ ಹಾಸುಬಟ್ಟೆ ಹರಿದು ಅರಳೆ ತುಂಬಿ ಒಂದು ಬಟ್ಟೆಗರ್ಭ ಹೊಲಿದುಕೊಟ್ಟೆ. ಬಿಸಿಲು ರಜೆಯಲ್ಲಿ ಊರೆಲ್ಲ ಮಲಗಿದಾಗ ದ್ಯಾಮಿ ಮತ್ತು ಇಬ್ಬರು ಸಿಸ್ಟರುಗಳು ಬಟ್ಟೆ ಕೋಣೆಯಲ್ಲಿ ಕೂತು, ಕೈಗವಸಿಗೆ ನೀರು ತುಂಬಿ, ಮಾಡಿ ಮಾಡಿ ನೋಡಿದರು. ಯಾರು ಹೊಟ್ಟೆ ಒತ್ತಬೇಕು, ಯಾರು ಸೂಜಿ, ಯಾರು ನೀರು, ಒಬ್ಬರ ಮೈ ಒಬ್ಬರಿಗೆ ತಾಗದಂತೆ. ಸಿಸ್ಟರ್ ಮಾಬುಬಿ ನಕ್ಕು ನಕ್ಕು ಹೇಳಿದಳು: “ಅಜ್ಜಿ, ನಿನ್ನ ಅರಳಿ ಹೆಂಗಸು ಭಾಳ ಶಾಣ್ಯಾಕಿ. ಎಷ್ಟು ಸಲ ತಪ್ಪಿದ್ರೂ ಸಾಯಂಗಿಲ್ಲ.”

ಈಗ ನನ್ನ ಅಳತೆ ಕೇಳು. ನಿನ್ನಂತೆ ನಾನು ಓದಿದವಳಲ್ಲ, ನನಗೆ ಬರುವುದು ಬಟ್ಟೆ ಮಾತ್ರ. ರಕ್ತಸ್ರಾವದ ಹೆರಿಗೆ ಒಂದಕ್ಕೆ ಮೊದಲು ಸರಾಸರಿ ಹನ್ನೊಂದು ಬಟ್ಟೆ ನೆನೆದು ಬರುತ್ತಿದ್ದವು. ಶಂಭುಲಿಂಗ ಡಾಕ್ಟರು ಅಷ್ಟೆಲ್ಲ ತರಬೇತಿಗೆ ಹೋಗಿ ಬಂದರೂ ಹನ್ನೊಂದು ಹನ್ನೊಂದೇ. ಅವರ ನೀಲಿ ದಾರದ ಬಟ್ಟೆ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ನೆನೆದು ಬಂದಿಲ್ಲ. ಮಡಿಕೆ ಸಹ ಬಿಚ್ಚಿಲ್ಲ, ನುಸಿ ಹಿಡಿಯಿತೆಂದು ನಾನೇ ಎರಡು ಸಲ ಬದಲಿಸಿದೆ. ಅರಳೆ ಹೆಂಗಸಿನ ಮೇಲೆ ಕೈ ಪಳಗಿದ ಎಂಟು ತಿಂಗಳಿಗೆ, ಚೀಲ ಬೀಗದೊಳಗೇ ಇದ್ದರೂ, ಒತ್ತುವ ಮತ್ತು ಸೂಜಿ ಹಾಕುವ ಚುರುಕಿನಿಂದಲೇ ಕೆಂಪು ದಾರದ ಬಟ್ಟೆ ಏಳಕ್ಕೆ ಇಳಿಯಿತು. ತರಬೇತಿಯಿಂದ ಏನಾಯಿತು ಎಂದು ತಿಳಿಯಲು ಸಭಾಂಗಣಕ್ಕೆ ಹೋಗಿ ಮುಖ ಎಣಿಸುತ್ತೀರಲ್ಲ, ನೀವು ಯಾರಾದರೂ ಒಬ್ಬರು ಬಟ್ಟೆ ಒಗೆಯುವವಳನ್ನು ಕೇಳಿದ್ದಿರಾ?

ಈ ಬೇಸಿಗೆಯ ಮೊದಲ ವಾರ ಹುಲಿಗೆವ್ವ ಎಂಬವಳಿಗೆ ಕರೆವ್ವನಿಗೆ ಆದಂತೆಯೇ ಆಯಿತು. ಶಂಭುಲಿಂಗ ಡಾಕ್ಟರು ತರಬೇತಿಯಲ್ಲಿದ್ದರು. ದ್ಯಾಮಿ ಬಾಗಿಲಿಗೆ ಬಂದು, “ಅಜ್ಜಿ, ಹಂಡೆದ ಸಲಾಕಿ ಕೊಡು,” ಎಂದಳು. ನಾನು ಕೊಟ್ಟೆ. ಬೀರುವಿನ ಬೀಗ ಎರಡೇ ಏಟಿಗೆ ಮುರಿಯಿತು. ಹುಲಿಗೆವ್ವ ಬದುಕಿದಳು, ಒಂಬತ್ತು ಬಟ್ಟೆ. ಈಗ ಅವಳ ಮಗು ನೆರೆಮನೆಯವರೆಗೂ ಕೇಳುವಂತೆ ಅಳುತ್ತದೆ.

ಮರುವಾರ ಗುಣಮಂಡಳಿಯಿಂದ ಅಳೆಯುವವರು ಬಂದರು. ಅಳೆಯುವವರು ಎಂದರೆ ನಿನ್ನ ಪಟ್ಟಿ ಹಿಡಿದು ಆಸ್ಪತ್ರೆ ಆಸ್ಪತ್ರೆ ತಿರುಗುವ ನೌಕರರು. ಒಬ್ಬ ತೆಳ್ಳನೆಯ ಹೆಣ್ಣುಮಗಳು, ಕೂದಲು ನೆರೆತಿತ್ತು, ಬಿಸಿಲಿಗೆ ಬೆವತಿದ್ದಳು. ನಾನು ಮಜ್ಜಿಗೆ ಕೊಟ್ಟೆ. ಅವಳು ಮುರಿದ ಬೀಗ ನೋಡಿ, ತರಬೇತಿಯಿಲ್ಲದ ಕೈ ಸಾಧನ ಬಳಸಿದೆ ಎಂದು ಬರೆದುಕೊಂಡಳು.

“ಆ ಹೆಣ್ಣಮಗಳು ಬದುಕ್ಯಾಳ್ರಿ,” ಎಂದೆ.

“ಬದುಕಿದ್ದಕ್ಕ ಕಾಲಂ ಇಲ್ಲವ್ವ. ಕಾಲಂ ಇಲ್ಲದ್ದ ನಾ ಎಲ್ಲೆ ಬರೀಲಿ?”

“ಹೋಗಲಿ, ಬೀಗ ಹಾಕಿದ್ದಕ್ಕ ಸತ್ತಾಕಿ ಒಬ್ಬಾಕಿ ಇದ್ದಾಳ. ಆಕಿದರ ಬರಕೊಳ್ರಿ.”

ಅವಳು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬರೆಯಬೇಕೆಂಬ ಮನಸ್ಸು ಅವಳಿಗಿತ್ತು, ನನಗೆ ಕಂಡಿತು. ಆಮೇಲೆ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟು, “ಮುಳಗುಂದ ಮೇಡಂ ಇದರಾಗ ಇಟ್ಟಿಲ್ಲ,” ಎಂದಳು.

ಆ ಮಾತು ನನ್ನ ಎದೆಗೆ ನಾಟಿತು. ಆದರೆ ಮಗಳೇ, ಅದು ಸುಳ್ಳು. ನೀನು ಇಟ್ಟಿದ್ದೆ. ನನಗದು ಗೊತ್ತಾದದ್ದು ಮೊನ್ನೆ, ರದ್ದಿಯ ಹೊಸ ಕಟ್ಟು ಬಿಚ್ಚಿದಾಗ. ಅದರಲ್ಲಿ ನಿನ್ನ ವರದಿಯ ಕರಡು ಇತ್ತು, ನಿನ್ನ ಕೈಬರಹದಲ್ಲಿ ತಿದ್ದಿದ್ದು. ಕೋಷ್ಟಕದಲ್ಲಿ ಹತ್ತು ಕಾಲಮುಗಳಿದ್ದವು. ಹತ್ತನೆಯದರ ತಲೆಯಲ್ಲಿ ಹೀಗಿತ್ತು: ‘ಆರು ತಿಂಗಳ ನಂತರ, ಆ ಆಸ್ಪತ್ರೆಯಲ್ಲಿ ಈ ಕೆಲಸವನ್ನು ಯಾರ ಕೈ ಮಾಡುತ್ತಿದೆ? ರೋಗಿಗೆ ಏನಾಯಿತು?’ ಅದರ ಮೇಲೆ ನೀಲಿ ಶಾಯಿಯ ಅಡ್ಡಗೆರೆ. ಪಕ್ಕದಲ್ಲಿ ನಿನ್ನ ಮೇಲಿನವರ ಅಕ್ಷರ: ‘ಇದಕ್ಕೆ ಪ್ರತಿ ಆಸ್ಪತ್ರೆಗೂ ಹೋಗಬೇಕಾಗುತ್ತದೆ. ಅಂಕಿ ಚೆನ್ನಾಗಿ ಬರುವುದಿಲ್ಲ. ಬಿಡಿ.’ ಅದರ ಕೆಳಗೆ ನಿನ್ನ ಅಕ್ಷರ: ‘ಸರಿ ಸರ್.’

ಗೊತ್ತಿಲ್ಲದೆ ತಪ್ಪು ಮಾಡಿದವಳು ಎಂದು ಇಷ್ಟು ದಿನ ನಿನ್ನನ್ನು ಕ್ಷಮಿಸಿದ್ದೆ. ಗೊತ್ತಿತ್ತು ನಿನಗೆ. ಯಾವ ಪ್ರಶ್ನೆ ಕೇಳಬೇಕೆಂದು ಅರವತ್ತು ದೇಶದಲ್ಲಿ ನಿನಗೊಬ್ಬಳಿಗೆ ಗೊತ್ತಿತ್ತು, ಕೇಳಿದೆ, ಆಮೇಲೆ ಒಬ್ಬ ಮನುಷ್ಯನ ಮುಖ ಕೆಡಬಾರದೆಂದು ನುಂಗಿಕೊಂಡೆ. ನನ್ನ ಸಿಟ್ಟು ನಿನ್ನ ಪಟ್ಟಿಯ ಮೇಲಲ್ಲ, ಆ ಎರಡು ಶಬ್ದಗಳ ಮೇಲೆ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತೇ? ಮಗಳ ಶಾಲೆಯ ಚಿಂತೆ ಇತ್ತೇ? ಇರಬಹುದು. ಆ ಮಗಳು ಬೆಳೆದು ಹೆತ್ತ ವಂಶಕ್ಕೇ ಈಗ ಆ ಗೆರೆ ಬಂದು ತಾಗಿದೆ.

ಸೋಮವಾರ ದ್ಯಾಮಿಯ ವಿಚಾರಣೆ. ಅವಳ ಕೈಪತ್ರ ಹೋಗಬಹುದು. ಕೈಪತ್ರ ಎಂದರೆ ರೋಗಿಯ ಮೈ ಮುಟ್ಟಲು ವೈದ್ಯರಿಗೆ ಕೊಡುವ ಅನುಮತಿ, ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ಮಂಡಳಿಯವರು ದಯೆ ತೋರಿಸಿ ಒಂದು ದಾರಿಯನ್ನೂ ಹೇಳಿದ್ದಾರೆ: ತಪ್ಪಾಯಿತೆಂದು ಬರೆದುಕೊಟ್ಟು ಹೋಗುವ ವೈದ್ಯೆಯಾಗಲು ಒಪ್ಪಿದರೆ ಎಲ್ಲವನ್ನೂ ಮುಚ್ಚಿಹಾಕುತ್ತಾರಂತೆ. ತಂಪು ಸಭಾಂಗಣ, ಹೋಳಿಗೆ, ಪ್ರಮಾಣಪತ್ರ. ಮೈ ಮುಟ್ಟುವ ಕೆಲಸವಿಲ್ಲ. ಅವಳ ಜಾಗಕ್ಕೆ ಇರುವ ವೈದ್ಯರಾಗಿ ಯಾರು ಬರುತ್ತಾರೆಂದು ಯಾರೂ ಹೇಳಲಿಲ್ಲ. ಕೇಳಿದರೆ, ಆ ಹುದ್ದೆ ತುಂಬಲು ಎರಡು ವರ್ಷ ಆಗಬಹುದು ಎಂದರು. ಎರಡು ವರ್ಷಕ್ಕೆ ನವಿಲಗಡ್ಡಿಯಲ್ಲಿ ಒಂದು ಸಾವಿರದ ಮುನ್ನೂರು ಹೆರಿಗೆ.

ನಾನು ಹೇಡಿ. ಒಪ್ಪಿಕೋ ಎಂದೆ. ಹುಡುಗಿ ಚೆನ್ನಾಗಿರಲಿ ಎಂಬ ಆಸೆ, ಮುದುಕಿಯ ಆಸೆ. ದ್ಯಾಮಿ ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಲಿಲ್ಲ.

“ಅಜ್ಜಿ, ತಪ್ಪಾತು ಅಂತ ಬರದ್ರ, ಮುಂದಿನಾಕಿಗೆ ಸಲಾಕಿ ಯಾರು ಕೊಡ್ತಾರ? ಒಲ್ಲೆ.”

“ಕೈಪತ್ರ ಹೋದ್ರ ಏನ ಮಾಡ್ತಿ?”

“ನಿನ್ನ ಜೋಡಿ ಬಟ್ಟಿ ಒಗೀತೀನಿ. ಆ ಕೆಲಸಕ್ಕ ತರಬೇತಿ ಬೇಕಿಲ್ಲಲ್ಲ.”

ಎಂದು ನಕ್ಕಳು. ಆ ನಗುವಿಗೆ ನಿನ್ನ ಐದು ಮುಖಗಳಲ್ಲಿ ಯಾವುದೂ ಹೊಂದುವುದಿಲ್ಲ. ಆಮೇಲೆ ನಾನು ಮಾಳಿಗೆಗೆ ಹೋಗಿ ಹಂಡೆಯ ಮರೆಯಲ್ಲಿ ನಿಂತು ಅತ್ತೆ. ಇಳಿದು ಬಂದವಳೇ ಹಿಂದಂಚೆಯ ಹಾಳೆ ತರಿಸಿದೆ.

ನಿನ್ನಿಂದ ನನಗೆ ಬೇಕಾದದ್ದು ದೊಡ್ಡದೇನಲ್ಲ. ನಾಳೆ ಗುರುವಾರ. ಕಚೇರಿಗೆ ರಜೆ ಹಾಕು. ನೀನು ಅಳೆದ ತರಬೇತಿಗೆ ಬಂದಿದ್ದವರ ಹಾಜರಿಯಿಂದ ಒಂದು ಹೆಸರು ಆರಿಸಿಕೋ. ಬಸ್ಸು ಹತ್ತಿ ಅವರ ಆಸ್ಪತ್ರೆಗೆ ಹೋಗು. ಆ ಡಾಕ್ಟರನ್ನು ಕೇಳಬೇಡ, ಅವರ ಮೇಲಧಿಕಾರಿಯನ್ನಂತೂ ಬೇಡವೇ ಬೇಡ. ಹಿಂದಿನ ಬಾಗಿಲಿಂದ ಹೋಗಿ ಬಟ್ಟೆ ಒಗೆಯುವ ಜಾಗದಲ್ಲಿ ಕೂತುಕೋ, ಅವಳು ಕೊಟ್ಟ ಚಹಾ ಕುಡಿ, ಇವು ಯಾರ ಮೇಜಿನಿಂದ ಬಂದವು ಎಂದು ಕೇಳು. ಅವಳು ಯಾವ ಹೆಸರು ಹೇಳುತ್ತಾಳೋ ಅದನ್ನು ಬರೆದುಕೊಂಡು ಬಂದು ಶುಕ್ರವಾರ ಹತ್ತನೇ ಕಾಲಮಿನಲ್ಲಿ ಹಾಕು. ನಿನ್ನ ಸರ್ ಮುಖ ಕೆಂಪು ಮಾಡಿದರೆ ಮಾಡಲಿ. ಆ ಕಾಲಂ ಇಲ್ಲದೆ ಸಹಿ ಹಾಕುವುದಿಲ್ಲ ಎನ್ನು. ವರದಿ ತಡವಾಗಲಿ, ಅಂಕಿ ಕೆಟ್ಟದಾಗಿ ಬರಲಿ. ನಿನ್ನ ಕೆಲಸವೂ ಹೋದೀತು, ಅದನ್ನು ಮುಚ್ಚಿಡುವುದಿಲ್ಲ. ಆಗ ನಿನ್ನ ಹೆಸರಿನ ಪಟ್ಟಿ ಇರುವುದಿಲ್ಲ, ಹಾರ ಹಾಕಿದ ಫೋಟೋ ಇರುವುದಿಲ್ಲ, ನೀನು ಯಾರೆಂದು ನನಗೂ ಗೊತ್ತಿರುವುದಿಲ್ಲ. ಅದು ನಿನಗೆ ನಷ್ಟವಾದರೆ, ಆಗಲಿ.

ಮಗುವಿಗೆ ಮುತ್ತು ಕೊಡು. ನಿನಗೆ ಕೊಡುವ ಮನಸ್ಸು ಇನ್ನೂ ಆಗಿಲ್ಲ.

ವಿಚಾರಣೆ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ. ಅಲ್ಲಿಯವರೆಗೆ ನಿನಗೆ ನೂರ ನಲವತ್ತೊಂಬತ್ತು ವರ್ಷದ ಸಮಯವಿದೆ. ನಾಳೆಯೇ ಹೊರಟರೆ ಸಾಕಾಗುತ್ತದೆ.

ಇಂತಿ,
ನೀಲವ್ವ ಬಾಳಿಕಾಯಿ